ಟಗರಿನ ಹಿಂದೆ ಸಮುದ್ರಕ್ಕೆ

ಸೇಲಂ ಜಿಲ್ಲೆಯಲ್ಲಿ ಸಮುದ್ರವಿಲ್ಲ. ಧರ್ಮಪುರಿ ಜಿಲ್ಲೆಯಲ್ಲೂ ಇಲ್ಲ. ಸಮುದ್ರ ನೋಡಬೇಕೆಂದರೆ ಮೊರಪ್ಪೂರಿನಲ್ಲಿ ರೈಲು ಹತ್ತಿ ಮದ್ರಾಸಿಗೆ ಹೋಗಬೇಕು. ಹಾಗಿದ್ದರೂ ತೊಂಬತ್ತರ ದಶಕದ ನಡುವೆ ನನಗೆ ಸಿಕ್ಕಿದ ಮೊದಲ ಸಂಬಳದ ಕೆಲಸ, ಜನರನ್ನು ಕುದುರೆಯ ಮೇಲೆ ಕೂರಿಸಿ ಕಾಡು ದಾಟಿಸಿ ಸಮುದ್ರಕ್ಕೆ ಇಳಿಸುವುದು.

ತಪ್ಪು ನನ್ನದಲ್ಲ. ಬೋರ್ಡು ಬರೆಸಿದವರು ಲಾಡ್ಜಿನ ಯಜಮಾನರು. ಸೇಲಂನಲ್ಲಿ ಅವರಿಗೆ ಸಾಬಕ್ಕಿ ಮಿಲ್ಲಿತ್ತು. ಸಾಬಕ್ಕಿ ಬೇಜಾರಾಗಿ ಪೆನ್ನಾಗರಂ ಕಡೆಯ ಗುಡ್ಡದ ಮೇಲೆ ಹತ್ತು ರೂಮಿನ ಲಾಡ್ಜು ಕಟ್ಟಿಸಿದ್ದರು. ಏರ್ಕಾಡಿಗೆ ಹೋಗುವ ಜನ ಇಲ್ಲಿಗೂ ಬರಲಿ ಎಂಬುದು ಅವರ ಆಸೆ. ಏರ್ಕಾಡಿನಲ್ಲಿ ಚಳಿ ಇದೆ, ಕಾಫಿ ಇದೆ, ಕೆರೆ ಇದೆ. ಇಲ್ಲಿ ಏನಿದೆ? ಕೆಳಗೆ ಕುರುಚಲು ಕಾಡು, ಅದರಾಚೆ ಮೇಟೂರು ಡ್ಯಾಮಿನ ಹಿನ್ನೀರು. ಯಜಮಾನರು ಯೋಚಿಸಿ, ಹಳದಿ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆಸಿದರು: ‘ಟ್ರಾಪಿಕಲ್ ಫಾರೆಸ್ಟ್ ಟು ಸೀ – ಹಾರ್ಸ್ ರೈಡ್ ವಿತ್ ಗೈಡ್.’

“ಸಾರ್, ಅದು ಸೀ ಅಲ್ಲ, ಡ್ಯಾಮಿನ ನೀರು” ಎಂದು ನಾನು ಹೇಳಿದೆ.

“ನೀರು ತುಂಬಿದಾಗ ಆಚೆ ದಡ ಕಾಣಿಸ್ತದಾ ತಂಬಿ?” ಎಂದರು ತಮಿಳಿನಲ್ಲಿ.

“ಇಲ್ಲ ಸಾರ್.”

“ಮತ್ತೆ?”

ಅಲ್ಲಿಗೆ ಸಮುದ್ರವಾಯಿತು. ಬೇಸಿಗೆಯಲ್ಲಿ ಅದೇ ಸಮುದ್ರದ ತಳದಲ್ಲಿ ನಮ್ಮೂರಿನವರು ಎಳ್ಳು ಬಿತ್ತುತ್ತಾರೆ ಎಂಬುದನ್ನು ನಾನು ಹೇಳಲಿಲ್ಲ. ಕೆಲಸ ಬೇಕಾಗಿತ್ತು.

ಎಷ್ಟು ಬೇಕಾಗಿತ್ತು ಎಂದರೆ, ನಾನು ಬಿಎ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿಎ, ಸೆಕೆಂಡ್ ಕ್ಲಾಸು. ನಮ್ಮ ವಂಶದಲ್ಲಿ ಮೊದಲನೆಯವನು. ಇದನ್ನು ಯಾರೂ ಕೇಳದಿದ್ದರೂ ನಾನು ಹೇಳುತ್ತೇನೆ, ಸಂಪಾದಿಸಿದವನಿಗೆ ಗೊತ್ತು. ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಪರೀಕ್ಷೆಯಲ್ಲಿ ಇಂಗ್ಲಿಷು. ನಮ್ಮದು ಕುರಿ ಸಾಕುವ ಮನೆ. ಅಪ್ಪ ನಾನು ಹತ್ತನೆಯ ಕ್ಲಾಸಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಆಮೇಲೆ ಹಿಂಡನ್ನೂ ನನ್ನನ್ನೂ ಅವ್ವ ಒಬ್ಬಳೇ ಮೇಯಿಸಿದಳು. ಪ್ರತಿ ವರ್ಷ ಕಾಲೇಜು ಶುರುವಾದಾಗ ಹಿಂಡು ಸ್ವಲ್ಪ ಸಣ್ಣದಾಗುತ್ತಿತ್ತು. ನಾನು ಫೈನಲ್ ಇಯರ್‌ಗೆ ಬರುವ ಹೊತ್ತಿಗೆ ದೊಡ್ಡಿ ಖಾಲಿ ಖಾಲಿ ಕಾಣುತ್ತಿತ್ತು.

ಡಿಗ್ರಿ ಬಂದ ಮೇಲೆ ಎರಡು ವರ್ಷ ಕೆಲಸವಿಲ್ಲ. ಊರಿನಲ್ಲಿ ನನ್ನ ಹೆಸರನ್ನೇ ಮರೆತು ‘ಬಿಎ’ ಎಂದು ಕರೆಯತೊಡಗಿದರು. “ಲೇ ಬಿಎ, ಆ ಕುರಿಗೆ ಕಾಲು ಕುಂಟ್ತಾ ಐತೆ, ನೋಡ್ಲಾ.” “ಬಿಎ ಬಂದ, ದಾರಿ ಬಿಡ್ರಲಾ, ಆಪೀಸರ್ರು ಬೇಲಿ ಕಟ್ಟಾಕೆ ಓಯ್ತಾವ್ರೆ.” ಹೀಗೆ. ನಾನು ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ಹಾಗಾಗಿ ಯಜಮಾನರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ತಂಬಿ, ಕುದಿರೈ ಓಟ್ಟ ತೆರಿಯುಮಾ?” ಎಂದು ಕೇಳಿದಾಗ, ಅಂದರೆ ಕುದುರೆ ಓಡಿಸಲು ಬರುತ್ತದಾ ಎಂದು ಕೇಳಿದಾಗ, ನನ್ನ ಬಾಯಿ ನನ್ನನ್ನು ಕೇಳದೆಯೇ “ತೆರಿಯುಂ ಸಾರ್” ಅಂದುಬಿಟ್ಟಿತು. ಬರುತ್ತದಂತೆ! ಕುದುರೆಯನ್ನು ನಾನು ಮುಟ್ಟಿಯೂ ನೋಡಿರಲಿಲ್ಲ. ನಾಲ್ಕು ಕಾಲಿನ ಪ್ರಾಣಿ ತಾನೇ, ಕುರಿಗಿಂತ ಎಷ್ಟು ಬೇರೆ ಇದ್ದೀತು ಎಂದುಕೊಂಡೆ.

ಕುದುರೆಗಳು ಎರಡು ಇದ್ದವು. ಎರಡೂ ಸೇಲಂ ಜಂಕ್ಷನ್ನಿನ ಮುಂದೆ ಜಟ್ಕಾ ಎಳೆಯುತ್ತಿದ್ದವು. ಆಟೋಗಳು ಹೆಚ್ಚಿ ಜಟ್ಕಾ ಹತ್ತುವವರೇ ಇಲ್ಲದಾಗಿ, ಗಾಡಿ ಸೌದೆಗೆ ಹೋಗಿ, ಕುದುರೆಗಳೂ ಅವುಗಳನ್ನು ಓಡಿಸುತ್ತಿದ್ದ ಮುದುಕರೂ ಒಟ್ಟಿಗೆ ಈ ಗುಡ್ಡಕ್ಕೆ ಬಂದಿದ್ದರು. ಮುದುಕರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಬಿಳಿಯದು ಹೆಣ್ಣು, ಕಂದು ಬಣ್ಣದ್ದು ಗಂಡು. ಎರಡಕ್ಕೂ ವಯಸ್ಸು ಎಷ್ಟೆಂದು ಕೇಳಿದರೆ ತಾತ ಆಕಾಶ ನೋಡುತ್ತಿದ್ದರು.

ಒಂದು ವಾರ ತಾತ ನನಗೆ ಕಲಿಸಿದರು. ಮೊದಲ ದಿನ ಹತ್ತುವುದು, ಉಳಿದ ದಿನಗಳಲ್ಲಿ ಬೀಳುವುದು. ಬಿಳಿ ಕುದುರೆಗೆ ಒಂದು ಚಾಳಿ ಇತ್ತು. ದಾರಿಯಲ್ಲಿ ಯಾರಾದರೂ ಕೈ ಎತ್ತಿದರೆ ಸಾಕು, ಗಕ್ಕನೆ ನಿಂತುಬಿಡುತ್ತಿತ್ತು. ಇಪ್ಪತ್ತು ವರ್ಷ ಕೈ ಎತ್ತಿದವರನ್ನೆಲ್ಲ ಹತ್ತಿಸಿಕೊಂಡ ಕುದುರೆ. ಒಬ್ಬ ಹೆಂಗಸು ಹುಣಸೆಕಾಯಿ ಕೀಳಲು ಕೈ ಎತ್ತಿದರೂ ನಿಂತಿತು. ನಾನು ಎಷ್ಟು ಒದ್ದರೂ ಕದಲಲಿಲ್ಲ.

“ಅದಕ್ಕೆ ಬೆನ್ನ ಮೇಲೆ ಜನ ಕೂತಿದ್ದು ಲೆಕ್ಕವಿಲ್ಲ ತಂಬಿ” ಎಂದರು ತಾತ. “ಹಿಂದೆ ಗಾಡಿಗೆ ಹತ್ತಬೇಕು. ನೀನು ಕೂತಿರೋದನ್ನ ಅದು ಇನ್ನೂ ನಂಬಿಲ್ಲ.”

“ನಾನೂ ನಂಬಿಲ್ಲ ತಾತಾ” ಎಂದೆ.

ಅಷ್ಟರಲ್ಲಿ ಯಜಮಾನರು ಸುದ್ದಿ ತಂದರು. ಡೆಲ್ಲಿಯಲ್ಲಿ ಒಂದು ಟ್ರಾವೆಲ್ ಕಂಪನಿ, ಅದರ ಒಬ್ಬ ಮೇಡಂ ಬರುತ್ತಾರಂತೆ. ತಮಿಳು ಬರುವುದಿಲ್ಲ, ಇಂಗ್ಲಿಷು ಮಾತ್ರ. ಭಾನುವಾರ ರೈಡ್ ನೋಡಿ, ಚೆನ್ನಾಗಿದ್ದರೆ ತಿಂಗಳು ತಿಂಗಳು ವಿದೇಶದವರನ್ನು ಕಳಿಸುತ್ತಾರಂತೆ. “ಆವಮ್ಮ ಒಪ್ಪಿದ್ರೆ ನಿನ್ನ ಕೆಲಸ ಪರ್ಮನೆಂಟು ತಂಬಿ. ಒಪ್ಪಲಿಲ್ಲ ಅಂದ್ರೆ ಕುದುರೆ ಮಾರ್ತೀನಿ. ನೀನು ನಿನ್ನ ಊರು ನೋಡ್ಕೋ.”

ನನ್ನ ಊರನ್ನು ನಾನು ಬೇಕಾದಷ್ಟು ನೋಡಿದ್ದೆ.

ಕುದುರೆಯನ್ನು ನೀರಿಗೆ ಎಲ್ಲಿ ಇಳಿಸಬೇಕೆಂದು ಯಜಮಾನರು ಕೇಳಿದಾಗ ನಾನು ಯೋಚಿಸಲೇ ಇಲ್ಲ. ನಮ್ಮೂರಿನ ಕೆಳಗೆ ಹಿನ್ನೀರಿಗೆ ಒಂದು ಇಳಿಜಾರು ಇದೆ. ಬೇರೆ ಕಡೆಯೆಲ್ಲ ಕಾಲಿಟ್ಟರೆ ಮೊಣಕಾಲಿನವರೆಗೆ ಹೂಳು. ಅಲ್ಲಿ ಮಾತ್ರ ಅಡಿಯಲ್ಲಿ ಗರಸು ಮಣ್ಣು, ಗಟ್ಟಿ ನೆಲ. ನಾನು ಹುಟ್ಟಿದಾಗಿನಿಂದ ನೋಡಿದ ಜಾಗ. ಶನಿವಾರ ಊರಿಗೆ ಓಡಿಹೋಗಿ ಅವ್ವನಿಗೆ ಹೇಳಿದೆ: “ಅವ್ವಾ, ನಾಳೆ ನಮ್ಮ ಇಳಿಜಾರಿಗೆ ಕುದ್ರೆ ಮೇಲೆ ಬತ್ತೀನಿ. ಡೆಲ್ಲಿಯಿಂದ ಮೇಡಂ ಬತ್ತಾವ್ಳೆ. ನೀನು ಮೇಲ್ಗಡೆ ಬಂಡೆ ಮೇಲೆ ನಿಂತ್ಕಂಡು ನೋಡು. ದೂರದಿಂದ.”

ದೂರದಿಂದ ಎಂಬುದನ್ನು ಒತ್ತಿ ಹೇಳಿದ್ದೆ. ಅವ್ವ ತಲೆಯಾಡಿಸಿದಳು. ಅವಳು ತಲೆಯಾಡಿಸಿದ್ದು ಬೇರೆಯದಕ್ಕೆ ಎಂದು ನನಗೆ ಹೊಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಮೇಡಂ ಬಂದರು. ನಲವತ್ತರ ಆಸುಪಾಸು, ಪ್ಯಾಂಟು, ಬೂಟು, ತಲೆಗೆ ಹ್ಯಾಟು, ಕೈಯಲ್ಲಿ ಪುಟ್ಟ ನೋಟ್‌ಬುಕ್. ಕಂದು ಕುದುರೆಯ ಹತ್ತಿರ ಹೋಗಿ, ಅದರ ಹಲ್ಲು ನೋಡಿ, ಜೀನಿನ ಪಟ್ಟಿಯನ್ನು ಎರಡು ತೂತು ಬಿಗಿ ಮಾಡಿ, ಒಂದೇ ನೆಗೆತಕ್ಕೆ ಹತ್ತಿ ಕೂತರು. ನಾನು ಬಿಳಿ ಕುದುರೆಯನ್ನು ಒಂದು ಕಲ್ಲಿನ ಪಕ್ಕ ನಿಲ್ಲಿಸಿ, ಕಲ್ಲು ಹತ್ತಿ, ಅಲ್ಲಿಂದ ಬೆನ್ನಿಗೆ ದಾಟಿಕೊಂಡೆ. ತಾತ ಮುಖ ತಿರುಗಿಸಿ ಕೆಮ್ಮಿದರು. ಯಜಮಾನರು, “ನಾನು ಜೀಪಿನಲ್ಲಿ ಇಡ್ಲಿ ತಗೊಂಡು ಸಮುದ್ರದ ಹತ್ತಿರ ಇರ್ತೀನಿ” ಎಂದು ಬೇರೆ ದಾರಿ ಹಿಡಿದರು.

ಕಾಡಿನ ದಾರಿ ಒಂದು ಗಂಟೆಯದು. ನಾನು ಮುಂದೆ, ಮೇಡಂ ಹಿಂದೆ, ತಾತ ನಡೆದುಕೊಂಡು. ಈ ಕಾಡು ನನಗೆ ಎಲೆ ಎಲೆಯಾಗಿ ಗೊತ್ತು. ಆದರೆ ಗೊತ್ತಿರುವುದೆಲ್ಲ ಕನ್ನಡದಲ್ಲಿ, ಅದೂ ಕುರಿಯ ಹೊಟ್ಟೆಯ ಲೆಕ್ಕದಲ್ಲಿ. ಇದು ತಿಂದರೆ ಹೊಟ್ಟೆ ಉಬ್ಬುತ್ತದೆ, ಇದು ತಿಂದರೆ ಹಾಲು ಬರುತ್ತದೆ, ಇದರ ಹತ್ತಿರ ಬಿಡಬಾರದು. ಇಂಗ್ಲಿಷ್ ಸಾಹಿತ್ಯದ ಮೂರು ವರ್ಷದಲ್ಲಿ ಓಕ್ ಮರ ಎಷ್ಟೋ ಸಲ ಬಂದಿತ್ತು. ಕಗ್ಗಲಿ ಮರ ಒಂದು ಸಲವೂ ಬಂದಿರಲಿಲ್ಲ.

“ವಾಟ್ ಈಸ್ ದಿಸ್ ಟ್ರೀ?” ಎಂದರು ಮೇಡಂ.

“ಮೆಡಿಸಿನಲ್ ಪ್ಲಾಂಟ್, ಮೇಡಂ.”

ಬರೆದುಕೊಂಡರು. ಸ್ವಲ್ಪ ಮುಂದೆ ಇನ್ನೊಂದು ಗಿಡ. ಅದೂ ಮೆಡಿಸಿನಲ್. ಮೂರನೆಯದೂ, ನಾಲ್ಕನೆಯದೂ. ಐದನೆಯದಕ್ಕೆ ಮೇಡಂ ಪೆನ್ನು ನಿಲ್ಲಿಸಿ, ಇವೆಲ್ಲ ಯಾವ ಕಾಯಿಲೆಗೆ ಎಂದು ಕೇಳಿದರು.

“ಲೂಸ್ ಮೋಷನ್, ಮೇಡಂ” ಎಂದೆ. ಕುರಿಗೆ ಎಂದು ಹೇಳಲಿಲ್ಲ.

“ಈ ಕಾಡಿನಲ್ಲಿ ಲೂಸ್ ಮೋಷನ್ ಬಿಟ್ಟು ಬೇರೆ ಕಾಯಿಲೆಯೇ ಇಲ್ಲವಾ?” ಎಂದರು ಇಂಗ್ಲಿಷಿನಲ್ಲಿ. ನಗುತ್ತಿದ್ದರೋ ಸಿಟ್ಟಾಗಿದ್ದರೋ ತಿಳಿಯಲು ನಾನು ಹಿಂತಿರುಗಿ ನೋಡಬೇಕಿತ್ತು. ನೋಡಿದರೆ ಬೀಳುತ್ತಿದ್ದೆ.

ಬಿದಿರು ಮೆಳೆ ದಾಟಿ ಬಂಡೆಯ ಹತ್ತಿರ ಬಂದಾಗ ನೀರು ಕಾಣಿಸಿತು. ತಮಿಳರ ಆಡಿ ತಿಂಗಳು, ಅಂದರೆ ಆಷಾಢ, ಕಳೆದು ನೀರು ದಡದ ತುದಿಯವರೆಗೆ ಏರಿತ್ತು. ಬಿಸಿಲಿಗೆ ಹೊಳೆಯುತ್ತಿತ್ತು, ಆಚೆ ದಡ ಇರಲೇ ಇಲ್ಲ. ನನಗೇ ಒಂದು ಕ್ಷಣ ಯಜಮಾನರ ಮಾತು ನಿಜವೆನ್ನಿಸಿತು. “ಓಹ್” ಎಂದರು ಮೇಡಂ. ಆ ‘ಓಹ್’ ಕೇಳಿ ನಾನು ಮನಸ್ಸಿನಲ್ಲೇ ಪರ್ಮನೆಂಟ್ ಆದೆ.

ಆಮೇಲೆ ಕೆಳಗೆ ನೋಡಿದೆ. ಅವ್ವ ಬಂಡೆಯ ಮೇಲೆ ಇರಲಿಲ್ಲ. ಇಳಿಜಾರಿನಲ್ಲಿ ನಮ್ಮ ಹಿಂಡು ಇತ್ತು. ಚಿಕ್ಕವ್ವನ ಹಿಂಡೂ ಇತ್ತು. ಪಕ್ಕದ ಮನೆಯವರದೂ ಇತ್ತು.

ಹೇಳಬೇಕು. ಮೇಚೇರಿಯ ಕೆಂಪು ಕುರಿ ಸಾಕುವವರಿಗೆ ಈ ಕೆಲಸವಿಲ್ಲ. ನಮ್ಮವು ಕರಿ ಕುರಿ, ಉಣ್ಣೆಯವು. ಉಣ್ಣೆ ಕತ್ತರಿಸುವ ಮೊದಲು ಕುರಿಯನ್ನು ತೊಳೆಯಬೇಕು. ನೀರು ಏರಿದ ಮೇಲೆ ಒಂದು ದಿನ ನೋಡಿ ಎಲ್ಲರೂ ಒಟ್ಟಿಗೆ ತೊಳೆಯುತ್ತಾರೆ. ಎಲ್ಲಿ? ಅಡಿಯಲ್ಲಿ ಗರಸು ಮಣ್ಣಿರುವ ಆ ಒಂದೇ ಇಳಿಜಾರಿನಲ್ಲಿ. ನೀರಿಗಿಳಿಯುವುದು ಎಂದರೆ ನಮ್ಮ ಮನೆಯವರಿಗೆ ಬೇರೆ ಜಾಗವೇ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ. ಮಗ ಬರುವುದನ್ನು ನೋಡಲು ಅವ್ವ ಹೇಗೂ ಅಲ್ಲಿಗೆ ಬರಬೇಕು. ಸುಮ್ಮನೆ ನಿಂತು ನೋಡುವುದೆಂದರೆ ಅವಳಿಗೆ ಆಗದ ಕೆಲಸ. ಅದಕ್ಕೇ ಎಲ್ಲರಿಗೂ ಹೇಳಿ ಭಾನುವಾರವನ್ನೇ ಇಟ್ಟುಕೊಂಡಿದ್ದಳು.

ಮೇಡಂ ಕೇಳಿದರು, ಇವರೆಲ್ಲ ಯಾರು?

ಕೆಳಗೆ ಅವ್ವ ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ನಮ್ಮ ದೊಡ್ಡ ಟಗರಿನ ಕೊಂಬು ಹಿಡಿದು, ಹಿಕ್ಕೆಯ ನಡುವೆ ನಿಂತಿದ್ದಳು. ನಾನು ಇಸ್ತ್ರಿ ಮಾಡಿದ ಷರ್ಟಿನಲ್ಲಿ ಕುದುರೆಯ ಮೇಲಿದ್ದೆ.

“ಲೋಕಲ್ ಪೀಪಲ್, ಮೇಡಂ” ಎಂದೆ.

ಎರಡೇ ಪದ. ಬಿಎ ಓದಿದ್ದಕ್ಕೆ ಎಷ್ಟು ಸಲೀಸಾಗಿ ಬಂತು ನೋಡಿ.

ಇಳಿಜಾರಿನಲ್ಲಿ ಇಳಿಯತೊಡಗಿದೆವು. ಕುರಿಗಳ ಪಕ್ಕದಲ್ಲಿ ಸರಿದು, ನೀರಿಗಿಳಿದು, ನಾಲ್ಕು ಹೆಜ್ಜೆ ಹಾಕಿ ಹಿಂತಿರುಗಿದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಅಷ್ಟರಲ್ಲಿ ಅವ್ವ ನನ್ನನ್ನು ಕಂಡು, ಮುಖವರಳಿಸಿ, ಕೈ ಎತ್ತಿದಳು.

ಕುದುರೆ ನಿಂತಿತು. ನಾನು ನಿಲ್ಲಲಿಲ್ಲ. ಅದರ ಕತ್ತಿನ ಮೇಲಿಂದ ಜಾರಿ, ನೇರವಾಗಿ ಅವ್ವನ ಕಾಲ ಬಳಿ, ಕೆಸರಿನಲ್ಲಿ.

“ಲೇ, ಇಳಿಯಾದು ಇಂಗೇನ್ಲಾ?” ಎಂದಳು ಅವ್ವ.

“ಬಿಎನವ್ರು ಇಂಗೇ ಇಳಿಯಾದು ಕಣಕ್ಕಾ” ಎಂದಳು ಚಿಕ್ಕವ್ವ. ಸುತ್ತಲಿದ್ದವರು ಕುರಿ ಬಿಟ್ಟು ಹೊಟ್ಟೆ ಹಿಡಿದುಕೊಂಡರು.

“ಅವ್ವಾ, ದೂರ ನಿಂತ್ಕ ಅಂದಿದ್ನಲ್ಲಾ!” ಹಲ್ಲು ಕಚ್ಚಿ ಹೇಳಿದೆ.

“ನಿನ್ ಮಕ ನೋಡಾಕೆ ಒಂದ್ ದಿನ ಬಂಡೆ ಮೇಲೆ ಕುಂತ್ಕಳ್ಳಾನಾ? ಕುರಿ ತೊಳ್ಯಾದು ಯಾರು, ನಿನ್ ಮೇಡಮ್ಮಾ?”

ಎದ್ದು ಕೆಸರು ಒರೆಸಿಕೊಂಡು, ಇಂಗ್ಲಿಷಿನಲ್ಲಿ ‘ಈಗ ಸಮುದ್ರಕ್ಕೆ ಇಳಿಯೋಣ’ ಎಂದೆ. ಇಳಿಯಬೇಕಾದವು ಇಳಿಯಲಿಲ್ಲ. ಸೇಲಂ ಜಂಕ್ಷನ್ನಿನ ಕುದುರೆಗಳು. ಹುಟ್ಟಿದಂದಿನಿಂದ ಬಕೆಟ್ಟಿನ ಆಚೆಗೆ ನೀರು ಕಂಡಿರಲಿಲ್ಲ. ಕಂದು ಕುದುರೆ ನೀರಿನ ಅಂಚಿಗೆ ಬಂದು ನಾಲ್ಕೂ ಕಾಲು ಊರಿ ನಿಂತಿತು. ಮೇಡಂ ಹಿಮ್ಮಡಿಯಿಂದ ತಿವಿದರು, ನಾಲಿಗೆಯಲ್ಲಿ ಲೊಚಗುಟ್ಟಿದರು. ತಾತ ಲಗಾಮು ಎಳೆದರು. ನಾನು ಹಿಂದಿನಿಂದ ತಳ್ಳಿದೆ. ಕುದುರೆ ನನ್ನ ಕಡೆ ತಿರುಗಿ ನೋಡಿದ ನೋಟ ಇಂದಿಗೂ ನೆನಪಿದೆ. ನಮ್ಮ ಪ್ರಿನ್ಸಿಪಾಲರೂ ಹಾಗೆಯೇ ನೋಡುತ್ತಿದ್ದರು.

ದಡದ ಮೇಲೆ ಜೀಪಿನ ಬಾನೆಟ್ಟಿನ ಮೇಲೆ ಇಡ್ಲಿ ಕ್ಯಾರಿಯರ್ ಇಟ್ಟುಕೊಂಡು ಯಜಮಾನರು ಕೂಗಿದರು: “ಏನಾಯ್ತು ತಂಬಿ?”

“ರೆಸ್ಟು ಸಾರ್!”

ಮೇಡಂ ಗಡಿಯಾರ ನೋಡಿದರು. ನೋಟ್‌ಬುಕ್ ತೆಗೆದರು. ಪೆನ್ನು ಓಡುತ್ತಿದ್ದಂತೆ ನನ್ನ ಕೆಲಸ ಹೋಗುತ್ತಿರುವ ಸದ್ದು ನನಗೆ ಕೇಳಿಸುತ್ತಿತ್ತು.

ಅವ್ವ ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ತಡೆಯಲಾಗಲಿಲ್ಲ.

“ಮುಂದ್ಗಡೆ ಒಂದು ಇಲ್ದೆ ಯಾವ್ ಪ್ರಾಣಿ ನೀರ್ಗಿಳಿತದ್ಲಾ? ಅಷ್ಟೂ ಗೊತ್ತಾಗಾಕಿಲ್ವಾ? ಮೂರೊರ್ಸ ಏನ್ ಓದ್ದೆ ನೀನು? ಸರ್ಕ ಅತ್ಲಾಗೆ.”

ಟಗರನ್ನು ಕೊಂಬು ಹಿಡಿದು ತಂದು ಕಂದು ಕುದುರೆಯ ಮೂತಿಯ ಮುಂದೆ ನಿಲ್ಲಿಸಿದಳು. ಕುದುರೆ ತಲೆ ತಗ್ಗಿಸಿ ಟಗರನ್ನು ಮೂಸಿತು. ಟಗರಿಗೆ ಇದೆಲ್ಲ ಲೆಕ್ಕವಿಲ್ಲ. ಅವ್ವ ಹಿಂದೆ ಹಿಂದೆ ಹೆಜ್ಜೆ ಇಡುತ್ತ ನೀರಿಗಿಳಿದು ಕೂಗಿದಳು: “ಬಾ... ಬ್ರ್‌ರ್‌ರ್... ಬಾ ನನ್ನಪ್ಪಾ...” ಟಗರು ಇಳಿಯಿತು. ಟಗರಿನ ಹಿಂದೆ, ಅದೇನು ತಿಳಿಯಿತೋ, ಕುದುರೆ ಒಂದು ಕಾಲಿಟ್ಟಿತು. ಇನ್ನೊಂದು ಇಟ್ಟಿತು. ಅಷ್ಟರಲ್ಲಿ ಟಗರು ಇಳಿದದ್ದನ್ನು ಕಂಡು ಮೂರು ಮನೆಯ ಕುರಿಗಳೂ ಒಮ್ಮೆಲೇ ನುಗ್ಗಿದವು. ಎಡಕ್ಕೆ ಕುರಿ, ಬಲಕ್ಕೆ ಕುರಿ, ನಡುವೆ ಹೊಟ್ಟೆಯವರೆಗೆ ನೀರಿನಲ್ಲಿ ಕುದುರೆ, ಮೇಲೆ ಡೆಲ್ಲಿಯ ಮೇಡಂ. ನೀರೆಲ್ಲ ಕುರಿಯ ಕೊಳೆಗೆ ಚಹಾ ಬಣ್ಣಕ್ಕೆ ತಿರುಗಿತು. ಮೇಡಂ ಹ್ಯಾಟು ತೆಗೆದು, ತಲೆ ಹಿಂದಕ್ಕೆ ಹಾಕಿ, ಗಟ್ಟಿಯಾಗಿ ನಗುತ್ತಿದ್ದರು.

ಬಿಳಿ ಕುದುರೆಯೂ ಸವಾರನಿಲ್ಲದೆ ಹಿಂಡಿನೊಂದಿಗೆ ಇಳಿಯಿತು. ಗೈಡ್ ಆದ ನಾನು ಅದರ ಬಾಲ ಹಿಡಿದುಕೊಂಡು ಎಲ್ಲರಿಗಿಂತ ಕೊನೆಯಲ್ಲಿ ಸಮುದ್ರಕ್ಕೆ ಇಳಿದೆ.

ದಡಕ್ಕೆ ಬಂದ ಮೇಲೆ ಮೇಡಂ ನನ್ನನ್ನು ಕರೆದರು. ನಿಧಾನವಾಗಿ, ನನಗೆ ಅರ್ಥವಾಗಲಿ ಎಂದು ಬಿಡಿಸಿ ಬಿಡಿಸಿ ಹೇಳಿದರು: ನಿನಗೆ ಕುದುರೆ ಬರುವುದಿಲ್ಲ. ನನ್ನ ಜನರನ್ನು ನಿನ್ನ ಜೊತೆ ಕಳಿಸಲಾರೆ. ಆದರೆ ಆ ಹೆಂಗಸಿಗೆ ಪ್ರಾಣಿ ಗೊತ್ತು, ನೀರು ಗೊತ್ತು. ಗೈಡ್ ಕೆಲಸ ಅವಳಿಗೆ ಕೊಟ್ಟರೆ ಒಪ್ಪುತ್ತೇನೆ. ನಿನ್ನ ಯಜಮಾನರಿಗೆ ಹೇಳು.

“ಏನಂತೆ ತಂಬಿ?” ಯಜಮಾನರು ಓಡಿ ಬಂದರು.

ಆ ದಡದಲ್ಲಿ ಎರಡೂ ಕಡೆಯ ಮಾತು ಬಲ್ಲವನು ನಾನೊಬ್ಬನೇ. “ನೀರು ಬಹಳ ಚೆನ್ನಾಗಿದೆಯಂತೆ ಸಾರ್” ಎಂದೆ.

ತಾತ ಗಡ್ಡ ಕೆರೆದುಕೊಂಡರು. “ನೀರು ಚೆನ್ನಾಗಿದ್ರೆ ಆವಮ್ಮ ಯಾಕೆ ಆ ಕುರಿಯವಳ ಕಡೆ ಬೆರಳು ತೋರಿಸಿ, ನಿನ್ನ ಕಡೆ ನೋಡಿ ತಲೆ ಅಲ್ಲಾಡಿಸ್ತಾಳೆ ತಂಬಿ? ಇಂಗ್ಲಿಷ್ ನನಗೆ ಬರೋದಿಲ್ಲ. ಕಣ್ಣು ಕಾಣಿಸ್ತದೆ.”

ಅಷ್ಟು ಹೊತ್ತಿಗೆ ಅವ್ವ ಒದ್ದೆ ಸೆರಗು ಹಿಂಡುತ್ತ ಹತ್ತಿರ ಬಂದಿದ್ದಳು. “ಏನಂದ್ಳ್ಲಾ ಆವಮ್ಮ? ನನ್ನ ಕಡೀಕೆ ಕೈ ತೋರ್ತಿದ್ಳು.”

ಅವ್ವನಿಗೆ ನಾನು ಎಷ್ಟೋ ಸುಳ್ಳು ಹೇಳಿದ್ದೇನೆ. ಆ ವಿಷಯದಲ್ಲಿ ಸಂಕೋಚವಿಲ್ಲ. ಆದರೆ ಬಂಡೆಯ ಹತ್ತಿರ ಹೇಳಿದ ಎರಡು ಪದ ಗಂಟಲಲ್ಲಿ ಇನ್ನೂ ಇತ್ತು. ಅದರ ಮೇಲೆ ಇನ್ನೊಂದು ಹಿಡಿಸಲಿಲ್ಲ.

“ನನ್ಗೆ ಕುದ್ರೆ ಬರಾಕಿಲ್ವಂತೆ. ಈ ಕೆಲ್ಸ ನಿನ್ಗೆ ಕೊಡ್ಬೇಕಂತೆ.”

ಎಲ್ಲರಿಗೂ ಕೇಳುವಂತೆಯೇ ಹೇಳಿದೆ. ಯಜಮಾನರಿಗೆ ತಮಿಳಿನಲ್ಲೂ ಹೇಳಿದೆ. ಅವರು ಬಾಯಿ ತೆರೆದು ಅವ್ವನನ್ನು ನೋಡಿದರು.

ಅವ್ವ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನಿಜವಾಗಿಯೂ ಯೋಚಿಸಿದಳು. ಟಗರಿನ ಮುಖ ನೋಡಿದಳು, ಕುದುರೆಯ ಮುಖ ನೋಡಿದಳು, ಕೊನೆಗೆ ನನ್ನದು.

“ಯೋಳು ಅವ್ಳ್ಗೆ. ನಾನ್ ಬರಾಕಾಗಾಕಿಲ್ಲ, ನನ್ ಕುರಿ ಯಾರ್ ನೋಡ್ತಾರೆ? ಬೇಕಾರೆ ಈ ಟಗರು ಕೊಡ್ತೀನಿ. ಟಗರ್ನ ಮಾತು ನನ್ ಮಗ್ನಿಗೆ ಬತ್ತದೆ, ಅವ್ಳ ಮಾತೂ ಬತ್ತದೆ. ಎಲ್ಡೂ ಬರಾನು ಈ ಸುತ್ನಾಗೆ ಇವ್ನೊಬ್ನೆ. ಕುದ್ರೆ ಏನ್ ಮಹಾ, ನಾಕ್ ಸಲ ಬಿದ್ರೆ ಬತ್ತದೆ. ಯೋಳ್ಲಾ. ಒಂದೂ ಬಿಡ್ದೆ ಯೋಳು.”

ಹೇಳಿದೆ. ಒಂದೂ ಬಿಡದೆ ಹೇಳಿದೆ. ಮೂರು ವರ್ಷ ಓದಿದ್ದರಲ್ಲಿ ಇಷ್ಟು ಕಷ್ಟದ ಅನುವಾದ ಬಂದಿರಲಿಲ್ಲ. ‘ನನ್ ಮಗ’ ಎಂಬಲ್ಲಿ ಒಂದು ಸಲ ತಡವರಿಸಿದೆ. ಆಮೇಲೆ, “ಶೀ ಈಸ್ ಮೈ ಮದರ್, ಮೇಡಂ” ಎಂದೆ.

ಮೇಡಂ ನನ್ನನ್ನು ನೋಡಿದರು. “ಯು ಸೆಡ್ ಲೋಕಲ್ ಪೀಪಲ್.”

“ಯೆಸ್ ಮೇಡಂ” ಎಂದೆ. “ವೆರಿ ಲೋಕಲ್.”

ಅವರು ನಗಲಿಲ್ಲ. ಜೀಪಿನ ಹತ್ತಿರ ಹೋಗಿ ಅವ್ವನ ಪಕ್ಕದಲ್ಲೇ ಕೂತು ಇಡ್ಲಿ ತಿಂದರು. ಒಬ್ಬರ ಮಾತು ಒಬ್ಬರಿಗೆ ಬರದಿದ್ದರೂ ಇಬ್ಬರೂ ನನ್ನ ಕಡೆ ತೋರಿಸಿ ಏನೋ ಒಪ್ಪಿಕೊಳ್ಳುತ್ತಿದ್ದರು. ನನ್ನನ್ನು ಅನುವಾದಕ್ಕೆ ಕರೆಯಲಿಲ್ಲ. ಹೊರಡುವಾಗ ಮೇಡಂ ಷರತ್ತು ಹಾಕಿದರು. ಒಂದು ತಿಂಗಳು ನಾನು ಕುದುರೆ ಕಲಿಯಬೇಕು. ಗಿಡಗಳ ಬಗ್ಗೆ ನಿಜ ಹೇಳಬೇಕು, ಕುರಿಯ ವಿಷಯವಾದರೂ ಸರಿ. ನೀರಿಗೆ ಇಳಿಯುವಾಗ ಟಗರು ಮುಂದೆ ಇರಬೇಕು.

ಹೀಗೆ ನಾನು ಪರ್ಮನೆಂಟ್ ಆದೆ. ಎರಡು ಮಳೆಗಾಲ ಆ ಕೆಲಸ ಮಾಡಿದೆ. ಟಗರು ನನಗಿಂತ ಮುಂದೆ ನಡೆಯುತ್ತಿತ್ತು, ಲಾಡ್ಜಿನಲ್ಲಿ ನನಗಿಂತ ಚೆನ್ನಾಗಿ ಹುರುಳಿ ತಿನ್ನುತ್ತಿತ್ತು, ಬಂದ ವಿದೇಶದವರೆಲ್ಲ ಅದರ ಜೊತೆಯೇ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಕೆಲಸ ಖಾಯಂ ಆದ ವಾರ ಲಾಡ್ಜಿನಿಂದ ನನಗೊಂದು ಟೋಪಿ ಕೊಟ್ಟರು. ಮುಂದುಗಡೆ ಇಂಗ್ಲಿಷಿನಲ್ಲಿ ‘ಗೈಡ್’ ಎಂದು ಹೊಲಿದಿತ್ತು. ಟಗರನ್ನು ಕರೆತರಲು ಊರಿಗೆ ಅದನ್ನು ಹಾಕಿಕೊಂಡು ಹೋಗಿ, ಅದರಲ್ಲಿ ಏನಿದೆ ಎಂದು ಅವ್ವನಿಗೆ ಓದಿ ಹೇಳಿದೆ. ಅವಳು ಟೋಪಿ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಟಗರಿನ ಎರಡು ಕೊಂಬಿನ ನಡುವೆ ಕೂರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು.

“ಸರ್ಯಾಗ್ ಕುಂತದೆ” ಎಂದಳು.